ಹೊಟ್ಟೆ ತುಂಬದ ಬ್ಯಾಟರಿ

ಗಾರ್ನೆಟ್ ಕಣಿವೆಯಲ್ಲಿ ಬುಧವಾರವನ್ನು ಯಾರೂ ಬುಧವಾರ ಅನ್ನುತ್ತಿರಲಿಲ್ಲ, ಎಂಜಿನ್ ದಿನ ಅನ್ನುತ್ತಿದ್ದರು. ಅವತ್ತು ಬೆಳಗ್ಗೆ ನೋಯ್ಲೀನ್ ಪರ್ಟೆಲ್ ಹಿತ್ತಲ ಶೆಡ್ಡಿಗೆ ಹೋಗಿ ಜನರೇಟರಿನ ಹಗ್ಗ ಎಳೆದಳೆಂದರೆ ಸರಿ, ಆ ಸದ್ದು ಹೊಳೆ ದಾಟಿ, ಮರಗಳ ನಡುವೆ ನುಗ್ಗಿ, ಡಂಗುರ ಸಾರಿದ ಹಾಗೆ ಕೆಳಗಿನ ಮನೆಗಳ ಬಾಗಿಲು ಬಡಿಯುತ್ತಿತ್ತು. ಬಟ್ಟೆಯ ಬುಟ್ಟಿ ಹೊತ್ತವರು, ತುಕ್ಕು ಹಿಡಿದ ಗರಗಸ ಹಿಡಿದವರು, ಬರಿಗೈಯಲ್ಲಿ ಬರಬಾರದೆಂದು ಒಂದು ಚೀಲ ಸೇಬು ತಂದವರು ಒಬ್ಬೊಬ್ಬರಾಗಿ ಏರಿ ಬರುತ್ತಿದ್ದರು. ಶೆಡ್ಡಿನ ಅಡಿಯಲ್ಲಿ ಬಿಲ ತೋಡಿಕೊಂಡಿದ್ದ ಕರಡಿಮರಿಯಂಥ ಮುದಿ ವಾಂಬ್ಯಾಟ್ ಮಾತ್ರ, ನಿಮ್ಮ ಹಬ್ಬ ನಿಮಗಿರಲಿ ಅನ್ನುವಂತೆ ಮುಖ ಸಿಂಡರಿಸಿಕೊಂಡು ಪೊದೆಯ ಕಡೆ ನಡೆಯುತ್ತಿತ್ತು.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಈ ಕಣಿವೆಯ ಕಥೆ ಅದೇ. ಅಲ್ಲಿಯ ಹೊಳೆ ಕೆಳಗೆ ಹರಿದು ಅಣೆಕಟ್ಟೆಗೆ ಬಿದ್ದು, ವಿದ್ಯುತ್ತಾಗಿ, ಆಚೆ ಬೆಟ್ಟದ ಮೇಲಿನ ತಂತಿ ಹಿಡಿದು ಅರ್ಧ ಟಾಸ್ಮೇನಿಯಾಕ್ಕೆ ಬೆಳಕು ಕೊಡುತ್ತಿತ್ತು. ಕಣಿವೆಗೆ ಮಾತ್ರ ಒಂದು ಕಂಬವೂ ಬಂದಿರಲಿಲ್ಲ. ಬೇಸಗೆಯಲ್ಲಿ ತೊಂದರೆ ಇರಲಿಲ್ಲ. ಚಾವಣಿಯ ಸೋಲಾರ್ ಫಲಕಗಳು ಉಂಡು ಮಿಗುವಷ್ಟು ಕೊಡುತ್ತಿದ್ದವು. ಚಳಿಗಾಲದಲ್ಲಿ ಸೂರ್ಯ ಸೋಮಾರಿ ನೆಂಟ. ಎರಡನೆಯ ಚಹಾ ಮುಗಿದ ಮೇಲೆ ಬೆಟ್ಟದ ಹಿಂದಿನಿಂದ ಇಣುಕುವುದು, ಊಟ ಅರಗುವ ಮೊದಲೇ ಎದ್ದು ಹೋಗುವುದು. ಆಗ ಬ್ಯಾಟರಿಗೆ ಜನರೇಟರೇ ಗತಿ. ಜನರೇಟರಿನ ಕರೆಂಟನ್ನು ಗೋಡೆಯ ಮೇಲಿನ ಒಂದು ಹಳೆಯ ಚಾರ್ಜರ್ ಪೆಟ್ಟಿಗೆ ಬ್ಯಾಟರಿಗೆ ಉಣಿಸುತ್ತಿತ್ತು. ಮನೆಯೊಳಗಿನ ಇನ್ವರ್ಟರ್ ಚಿಕ್ಕದು, ದೀಪಕ್ಕೆ, ರೇಡಿಯೊಗೆ, ಫ್ರಿಜ್ಜಿಗೆ ಸಾಕು, ಅಷ್ಟೇ. ಹಾಗಾಗಿ ವಾಷಿಂಗ್ ಮಷೀನು, ಇಸ್ತ್ರಿ, ಕಸ ಹೀರುವ ಯಂತ್ರ, ಆಥೊಲ್‌ನ ಸಾಣೆಕಲ್ಲು ಎಲ್ಲವೂ ಬುಧವಾರಕ್ಕೆ ಕಾಯಬೇಕು.

ಆಥೊಲ್ ಅಂದರೆ ನೋಯ್ಲೀನಳ ಗಂಡ. ಪೆಟ್ರೋಲ್ ಸುಡುವುದೆಂದರೆ ಅವನ ಕರುಳು ಸುಟ್ಟ ಹಾಗೆ. "ಎಂಜಿನ್ ಓಡ್ತಿರೋವಾಗ ಇಸ್ತ್ರಿ ತಣ್ಣಗಿದ್ರೆ ಅದು ಪಾಪ," ಅನ್ನುತ್ತಿದ್ದ. ಕಣಿವೆಯಲ್ಲಿ ಅದೇ ಧರ್ಮ, ಅದೇ ಶಾಸ್ತ್ರ. ಎಂಜಿನ್ ಓಡುವಾಗ ಎಲ್ಲವನ್ನೂ ಓಡಿಸಿಕೊಳ್ಳಬೇಕು, ಒಂದು ತೊಟ್ಟೂ ದಂಡವಾಗಬಾರದು.

ಈ ನೋಯ್ಲೀನ್ ಹುಟ್ಟಿದ್ದು ಮರ ಕೊಯ್ಯುವ ಮಿಲ್ಲಿನ ಬಿಡಾರದಲ್ಲಿ. ಎಲ್ಲ ಮಕ್ಕಳೂ ಮೊದಲು "ಅಮ್ಮ" ಅಂದರೆ ಇವಳು ಮೊದಲು "ಯಾಕೆ" ಅಂದಳು ಎಂದು ಅವಳ ತಾಯಿ ಬಂದವರಿಗೆಲ್ಲ ಹೇಳುತ್ತಿದ್ದಳು. ಕೆಟಲಿನ ಮೇಲೆ ಮರದ ಚಮಚದ ಬುಡ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ನೀರು ಕುದಿಯುವ ಮುಂಚೆ ಏನು ಮಾತಾಡುತ್ತದೆಂದು ಕೇಳುವ ಹುಡುಗಿ ಅದು. ಬೆಳೆದ ಮೇಲೆ ಕುರಿ ಉಣ್ಣೆ ಕತ್ತರಿಸುವವರಿಗೆ ಅಡುಗೆ ಮಾಡಿದಳು. ಆಮೇಲೆ ಬಹಳ ವರ್ಷ ಜಲ್ಲಿ ರಸ್ತೆಯಲ್ಲಿ ಶಾಲೆಯ ಬಸ್ಸು ಓಡಿಸಿದಳು. ಯಾವ ಚಕ್ರದಲ್ಲಿ ಗಾಳಿ ಕಡಿಮೆ ಇದೆಯೆಂದು ಸೀಟಿನಲ್ಲಿ ಕೂತೇ ಹೇಳುತ್ತಿದ್ದಳಂತೆ. ಕೂದಲು ಬೆಳ್ಳಗಾಯಿತು, "ಯಾಕೆ" ಮಾತ್ರ ಕಪ್ಪಗೇ ಉಳಿಯಿತು.

ಆ ವರ್ಷ ಚಳಿ ಶುರುವಾಗುತ್ತಿದ್ದ ಹಾಗೆಯೇ ಒಂದು ಸಂಜೆ, ಕುರಿಮಾಂಸದ ಸಾರು ತಟ್ಟೆಗೆ ಬೀಳುತ್ತಿರುವಾಗ, ಮೇಜಿನ ಮೇಲಿನ ದೀಪ ಕಾಮಾಲೆ ಬಂದವರ ಹಾಗೆ ಹಳದಿ ತಿರುಗಿತು.

"ಶುರುವಾಯ್ತು ನೋಡು," ಅಂದ ಆಥೊಲ್. "ಮೊದಲ್ನೇ ಬ್ಯಾಟರಿ ಸೆಟ್ಟೂ ಹೀಗೇ ಸತ್ತಿದ್ದು."

"ಆಗ ಬ್ಯಾಟರಿ ಕಳಪೆ ಅಂದ್ವಿ. ಇದು ಒಳ್ಳೇದೇ ತಂದಿದ್ವಲ್ಲ. ಇದೂ ಯಾಕೆ ಸಾಯ್ತಿದೆ?"

"ವಯಸ್ಸು."

"ನಿನಗಿಂತ ಚಿಕ್ಕದು ಕಣೋ ಅದು. ವಾರಕ್ಕೊಂದಿನ ಬೆಳಗ್ಗಿಂದ ಮಧ್ಯಾಹ್ನದ ತನಕ ಉಣ್ಣಿಸ್ತೀವಿ. ಆದ್ರೂ ಉಪವಾಸ ಇದ್ದವರ ಹಾಗೆ ಬಿದ್ದಿರುತ್ತೆ. ಉಂಡಿದ್ದು ಎಲ್ಲಿ ಹೋಗುತ್ತೆ?"

ಆಥೊಲ್ ಬ್ರೆಡ್ಡಿನಿಂದ ತಟ್ಟೆ ಒರೆಸಿಕೊಂಡ. "ಎಲ್ಲಿಗಾದ್ರೂ ಹೋಗ್ಲಿ. ಇನ್ನೊಂದು ಸೆಟ್ಟು ತರೋ ತ್ರಾಣ ನಂಗಿಲ್ಲ. ಇದೂ ಸತ್ರೆ ಮನೆಗೆ ಬೀಗ ಹಾಕಿ ಪೇಟೇಲಿ ನನ್ನ ಅಕ್ಕನ ಮನೆ ಮಹಡಿ ಮೇಲೆ ಇರೋದು. ಇಲ್ಲ, ಗೆರಿಟ್‌ನ ಹಾಗೆ ಒಂದು ಎಂಜಿನ್ ಕಟ್ಟಿಸ್ಕೊಳ್ಳೋಣ. ಅವನ ಬ್ಯಾಟರಿ ನೋಡು, ಮದುವೆ ಗಂಡಿನ ಹಾಗಿದೆ."

ಆಥೊಲ್‌ನ ಅಕ್ಕನ ಮನೆಯ ಮಹಡಿ ನೋಯ್ಲೀನಳಿಗೆ ಗೊತ್ತಿತ್ತು. ಅಲ್ಲಿ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಸರಿ, ಬ್ಯಾಟರಿಗೆ ಉಣಿಸುವ ಹೊಸ ವ್ಯವಸ್ಥೆ ಆಗಬೇಕು, ಅದೂ ನಡುಚಳಿಗಾಲದೊಳಗೆ. ಆದರೆ ನೋಡದೆ, ಕೇಳದೆ, ಕಿವಿಗೊಡದೆ ಆರಿಸುವ ಹೆಂಗಸಲ್ಲ ಅವಳು. ಮರುದಿನವೇ ಬೂಟು ಮೆಟ್ಟಿ ಹೊರಟಳು.

ಗೆರಿಟ್ ಚಿಕ್ಕವನಿದ್ದಾಗ ಡಚ್ ತಂದೆತಾಯಿಯ ಜೊತೆ ಹಡಗಿನಲ್ಲಿ ಬಂದವನು. ಒಂಟಿ ಆಳು, ಯಾವ ಹಳೆಯ ಕಬ್ಬಿಣ ಕಂಡರೂ ಮನೆಗೆ ತರುವವನು. ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನು ಬಿಚ್ಚಿ, ಬೆಲ್ಟು ಹಾಕಿ, ಲಾರಿಯ ಡೈನಮೊ ತಿರುಗುವ ಹಾಗೆ ಮಾಡಿ, ಅಲ್ಲಿಂದ ಎರಡು ದಪ್ಪ ತಂತಿ ನೇರ ಬ್ಯಾಟರಿಗೆ ಎಳೆದಿದ್ದ.

"ನೋಡಿದ್ಯಾ? ಚಾರ್ಜರ್ ಇಲ್ಲ, ಏನಿಲ್ಲ. ಮಧ್ಯೆ ದಲ್ಲಾಳಿ ಇದ್ರೆ ತಾನೇ ಕಮಿಷನ್ನು? ಹೊಲದಿಂದ ನೇರ ಮನೆಗೆ," ಅಂದ.

ನೋಯ್ಲೀನ್ ಬಗ್ಗಿ ಬೆಲ್ಟು ನೋಡಿದಳು, ತಂತಿ ಮುಟ್ಟಿ ಬಿಸಿ ನೋಡಿದಳು, ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಚೆನ್ನಾಗಿದೆ ಕಣೋ. ಪ್ಲಗ್ ಎಲ್ಲಿ ಹಾಕೋದು?"

"ಯಾವ ಪ್ಲಗ್ಗು?"

"ವಾಷಿಂಗ್ ಮಷೀನಿಂದು."

"ಇದು ಬ್ಯಾಟರಿಗೆ ಊಟ ಹಾಕೋ ಎಂಜಿನ್ ಕಣಮ್ಮ. ಊರಿಗೆಲ್ಲ ಅನ್ನಛತ್ರ ಅಲ್ಲ."

"ಹಂಗಾದ್ರೆ ನಿನ್ನ ಬಟ್ಟೆ?"

ಗೆರಿಟ್ ಎದುರಿನ ಬೆಟ್ಟದಲ್ಲಿ ಏನೋ ಕಂಡವನ ಹಾಗೆ ಆ ಕಡೆ ನೋಡಿದ. "ಒಗೀತೀನಿ."

"ಎಲ್ಲಿ?"

"ಹೊಳೇಲಿ ನೀರಿಲ್ವಾ? ಏನ್ ಪೊಲೀಸ್ ಥರ ಕೇಳ್ತೀಯಲ್ಲ."

ಅವನ ಅಂಗಿಯ ತೋಳಿನ ಮೇಲಿನ ಎಣ್ಣೆಯ ಕಲೆಗಳಲ್ಲಿ ಯಾವುದು ಯಾವ ಋತುವಿನದೆಂದು ನೋಯ್ಲೀನ್ ಓದಬಲ್ಲವಳಾಗಿದ್ದಳು. ಅವಳ ತಲೆಯಲ್ಲಿ ಬೇರೆ ಲೆಕ್ಕ ನಡೆಯುತ್ತಿತ್ತು. ಪ್ಲಗ್ ಇಲ್ಲದಿದ್ದರೆ ಎಂಜಿನ್ ದಿನ ಇಲ್ಲ. ಎಂಜಿನ್ ದಿನ ಇಲ್ಲದಿದ್ದರೆ ಕೊರಾಲಿಯ ಗತಿ?

ಕೊರಾಲಿ ಹೊಳೆಯಾಚೆಯವಳು. ಅವಳ ಅತ್ತೆ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಆ ಮುದುಕಿ ಹಿಂದೆ ದಾದಿಯಾಗಿ ದುಡಿದವಳು. ಹಾಸಿಗೆಯ ಬಟ್ಟೆ ಇಸ್ತ್ರಿಯಾಗಿರಬೇಕು, ಇಲ್ಲದಿದ್ದರೆ ಮಡಿಕೆ ಒತ್ತಿ ಬೆನ್ನು ಹುಣ್ಣಾಗುತ್ತದೆ ಅನ್ನುತ್ತಿದ್ದಳು. ಅದು ನಿಜವೂ ಹೌದು. ಕೊರಾಲಿಯ ಮನೆಯಲ್ಲಿ ಜನರೇಟರ್ ಇರಲಿಲ್ಲ. ಗಂಡ ಗಣಿಯ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವಳಿಗೆ ಬುಧವಾರವೆಂದರೆ ಒಗೆದ ಬಟ್ಟೆ, ಬಿಸಿ ಇಸ್ತ್ರಿ, ನಾಲ್ಕು ಮಾತು. ವಾರದಲ್ಲಿ ಅತ್ತೆಯಲ್ಲದ ಇನ್ನೊಂದು ಮುಖ ಅವಳು ನೋಡುತ್ತಿದ್ದದ್ದೂ ಅವತ್ತೇ.

ಮುಂದಿನ ಭೇಟಿ ಇಮೋಜೆನ್‌ಳ ಮನೆಗೆ, ಬೆಟ್ಟದ ನೆತ್ತಿಗೆ. ಇಮೋಜೆನ್ ಪಟ್ಟಣದಲ್ಲಿ ಚೆಲ್ಲೊ ಕಲಿಸುತ್ತಿದ್ದವಳು, ಈಗ ಮರಗಳಿಗೆ ನುಡಿಸುತ್ತೇನೆ ಅನ್ನುತ್ತಿದ್ದಳು. ಅವಳ ಮನೆಯ ಬೀರುವಿನೊಳಗೆ ಸಣ್ಣ ಸಣ್ಣ ದೀಪ ಮಿನುಗುವ ದೊಡ್ಡ ಪೆಟ್ಟಿಗೆ. ಇನ್ವರ್ಟರು, ಚಾರ್ಜರು ಎರಡೂ ಅದರೊಳಗೇ. ಬ್ಯಾಟರಿ ಇಳಿದರೆ ಡೀಸೆಲ್ ಎಂಜಿನ್ನನ್ನು ತಾನೇ ಎಬ್ಬಿಸುತ್ತದೆ, ತುಂಬಿದರೆ ತಾನೇ ಮಲಗಿಸುತ್ತದೆ.

ಇಬ್ಬರೂ ಸ್ಕೋನಿಗೆ ಜ್ಯಾಮು ಸವರುತ್ತ ಕೂತಿದ್ದಾಗ ಹೊರಗೆ ಎಂಜಿನ್ ಗುರ್ರೆಂದು ಎದ್ದಿತು. ಮೇಜಿನ ಮೇಲಿದ್ದ ಬೆಕ್ಕು ನೆಲಕ್ಕೆ ಹಾರಿತು.

"ಹಸಿವಾಯ್ತೇನೋ ಬ್ಯಾಟರಿಗೆ," ಅಂದಳು ಇಮೋಜೆನ್, ತಣ್ಣಗೆ.

"ಹಸಿವಾಗಿದ್ದು ಎಂಜಿನ್ನಿಗೆ ಹೆಂಗೆ ಗೊತ್ತಾಗುತ್ತೆ?"

"ಅದನ್ನ ಆ ಪೆಟ್ಟಿಗೇನೇ ಕೇಳು. ನಂಗೆ ಗೊತ್ತಿರೋದು ಶ್ರುತಿ ಒಂದೇ. ಇದು ಓಡ್ತಿದ್ರೆ ನಾನು ಚೆಲ್ಲೊ ಮುಟ್ಟಲ್ಲ, ಎರಡಕ್ಕೂ ಜಗಳ. ಈಗ ನೀರಿನ ಪಂಪು ಶುರುವಾಗುತ್ತೆ, ಕೇಳ್ತಿರು... ಹಾಂ. ಇಳೀತಲ್ಲ ಸ್ವರ? ಭಾರ ಬಿದ್ದಾಗೆಲ್ಲ ಒಂದು ಕೂದಲೆಳೆ ಇಳಿಯುತ್ತೆ."

ನೋಯ್ಲೀನ್ ಸ್ಕೋನ್ ಕೈಯಲ್ಲೇ ಹಿಡಿದು ಕೇಳಿದಳು. ಹೌದು, ಇಳಿದಿತ್ತು. ಇಷ್ಟು ವರ್ಷ ಎಂಜಿನ್ನಿನ ಪಕ್ಕದಲ್ಲಿ ಬದುಕಿ ತಾನು ಸದ್ದನ್ನು ಕೇಳಿದ್ದೇನೆ, ಸ್ವರವನ್ನು ಕೇಳಿಲ್ಲ ಅನ್ನಿಸಿತು.

"ಒಂದು ಮಾತು ಹೇಳು. ನಿಮ್ಮನೇಲಿ ಎಂಜಿನ್ ದಿನ ಅಂತ ಯಾಕಿಲ್ಲ? ಕೆಳಗಿನವರಿಗೆ ಇಲ್ಲೂ ಹತ್ರಾನೇ ಅಲ್ವಾ?"

ಇಮೋಜೆನ್ ನಕ್ಕಳು. "ಯಾವ ದಿನ ಬನ್ನಿ ಅಂತ ಹೇಳ್ಲಿ ಮಾರಾಯ್ತಿ? ಅದು ಏಳೋಕೆ ನನ್ನನ್ನೇ ಕೇಳಲ್ಲ."

ಇಳಿಜಾರು ಇಳಿಯುತ್ತ ನೋಯ್ಲೀನ್ ಯೋಚಿಸಿದಳು. ಒಂದು ಎಂಜಿನ್ನಿಗೆ ಪ್ಲಗ್ಗಿಲ್ಲ, ಇನ್ನೊಂದಕ್ಕೆ ದಿನವಿಲ್ಲ. ತನ್ನದಕ್ಕೆ ಎರಡೂ ಇದೆ, ಬ್ಯಾಟರಿಯ ಹೊಟ್ಟೆ ಮಾತ್ರ ತುಂಬುವುದಿಲ್ಲ. ಯಾಕೆ?

ಬುಧವಾರ ಬಂತು. ಅಡುಗೆಮನೆ ತುಂಬಿತು. ಕೊರಾಲಿಯ ಹಾಸಿಗೆ ಬಟ್ಟೆ ಮಷೀನಿನಲ್ಲಿ ಸುತ್ತುತ್ತಿತ್ತು. ಹಿಂದಿನ ಸರದಿಯವನ್ನು ಅವಳು ಕಿಟಕಿಯ ಪಕ್ಕ ನಿಂತು ಇಸ್ತ್ರಿ ಮಾಡುತ್ತಿದ್ದಳು. ಆಥೊಲ್ ಯಾರದೋ ಕೊಡಲಿಯನ್ನು ಸಾಣೆಗೆ ಹಿಡಿದಿದ್ದ. ಇಂಥ ಹೊತ್ತಿನಲ್ಲಿ ಶೆಡ್ಡಿಗೆ ಯಾರೂ ಹೋಗುತ್ತಿರಲಿಲ್ಲ, ಕಿವಿ ಹರಿಯುವ ಸದ್ದು. ನೋಯ್ಲೀನ್ ಸಾರಿನ ಮರದ ಚಮಚ ಒರೆಸಿಕೊಂಡು ಹೊರಟಳು.

"ಎಲ್ಲಿಗೆ? ಬ್ಯಾಟರಿಗೆ ಸಾರು ಬಡಿಸೋಕಾ?" ಅಂದ ಆಥೊಲ್.

ಶೆಡ್ಡಿನಲ್ಲಿ ನಡುವೆ ಗೋಡೆ. ಈಚೆಗೆ ಜನರೇಟರು, ಆಚೆಗೆ ಬ್ಯಾಟರಿಗಳು ಮತ್ತು ಚಾರ್ಜರು. ಅವಳು ಆಚೆ ಹೋಗಿ ಬಾಗಿಲು ಅರ್ಧ ತೆರೆದಿಟ್ಟು, ಚಮಚದ ಬುಡವನ್ನು ಚಾರ್ಜರಿನ ತಗಡಿಗೆ ಇಟ್ಟು, ಹಿಡಿಯನ್ನು ಕಿವಿಗೊತ್ತಿದಳು. ಒಳಗೆ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತಿತ್ತು. ಒಳ್ಳೆಯ, ತುಂಬು ದನಿ. ಇದ್ದಕ್ಕಿದ್ದ ಹಾಗೆ ದನಿ ಸತ್ತಿತು. ಯಾರೂ ಏನೂ ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್. ಮತ್ತೆ ಮೌನ. ಉಸಿರಾಡುತ್ತಿದೆಯೇ ಇದು?

ತಲೆ ಎತ್ತಿದರೆ ಚಾರ್ಜರಿನ ಮುಖದ ಮೇಲಿನ ಮುಳ್ಳು ಕಂಡಿತು. ದನಿ ಇದ್ದಾಗ ಮುಳ್ಳು ಮೇಲೆ, ಸತ್ತಾಗ ಕೆಳಗೆ, ಬುಡಕ್ಕೆ ಬಿದ್ದ ಹಾಗೆ. ಅರ್ಧ ತೆರೆದ ಬಾಗಿಲಿನಿಂದ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಕಿಟಕಿಯಲ್ಲಿ ಕೊರಾಲಿಯ ಕೈ, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಅದರ ಮೇಲೆ ಸಾಸಿವೆಯಷ್ಟು ಕೆಂಪು ದೀಪ. ಕಾವು ಇಳಿದರೆ ದೀಪ ಹತ್ತುವುದು, ಸಾಕಷ್ಟು ಕಾದರೆ ಆರುವುದು. ದೀಪ ಹತ್ತಿತು, ಮುಳ್ಳು ಬಿತ್ತು. ದೀಪ ಆರಿತು, ಮುಳ್ಳು ಎದ್ದಿತು.

ನೋಯ್ಲೀನ್ ಸೊಂಟಕ್ಕೆ ಕಟ್ಟಿದ್ದ ಅಡುಗೆಯ ಏಪ್ರನ್ ಬಿಚ್ಚಿ ಬೀಸಿದಳು. ಪ್ಲಗ್ ಕೀಳು ಎಂದು ಕೈಸನ್ನೆ ಮಾಡಿದಳು. ಕೊರಾಲಿಗೆ ಅರ್ಥವಾಗದೆ ಅವಳೂ ಕೈ ಬೀಸಿದಳು. ಕೊನೆಗೆ ಯಾರೋ ಪ್ಲಗ್ ಕಿತ್ತರು, ಮುಳ್ಳು ಎದ್ದು ನಿಂತಿತು. ಹಾಕಿದರು, ಬಿತ್ತು. ಆಥೊಲ್‌ನ ಸಾಣೆ ನಿಲ್ಲಿಸಿದಾಗ ಇನ್ನಷ್ಟು ಎದ್ದಿತು. ನೋಯ್ಲೀನ್ ಮಿಲ್ಲಿನ ಬಿಡಾರದ ಹುಡುಗಿಯ ಹಾಗೆ ಅಂಗಳ ದಾಟಿ ಓಡಿಬಂದಳು.

"ಕಳ್ಳ ಸಿಕ್ಕ! ಕೊರಾಲಿ, ನಿನ್ನ ಇಸ್ತ್ರೀನೇ ಕಣೇ ನಮ್ಮ ಬ್ಯಾಟರಿ ಅನ್ನ ಕದೀತಿದ್ದಿದ್ದು."

ಆಥೊಲ್ ಹೊಟ್ಟೆ ಹಿಡಿದು ನಕ್ಕ. "ಎರಡು ಸೆಟ್ ಬ್ಯಾಟರಿ ನುಂಗಿ ನೀರು ಕುಡಿದಿದ್ದು ಅತ್ತೆಮ್ಮನ ದಿಂಬಿನ ಚೀಲ ಅನ್ನು."

ಎಲ್ಲರೂ ನಕ್ಕರು. ಕೊರಾಲಿಯೂ ನಕ್ಕಳು. ಆಮೇಲೆ ಇಸ್ತ್ರಿಯ ವೈರನ್ನು ನೀಟಾಗಿ ಸುತ್ತಿ, ಇನ್ನೂ ಹಸಿಯಿದ್ದ ಬಟ್ಟೆಯನ್ನೂ ಬುಟ್ಟಿಗೆ ತುಂಬಿ, ಅತ್ತೆಗೆ ಔಷಧಿಯ ಹೊತ್ತಾಯಿತೆಂದು ಎದ್ದಳು.

ಮುಂದಿನ ಬುಧವಾರ ಎಂಜಿನ್ ಕೂಗಿತು, ಕೊರಾಲಿ ಬರಲಿಲ್ಲ. ಅತ್ತೆಗೆ ಹುಷಾರಿಲ್ಲವೇನೋ ಅಂದುಕೊಂಡರು. ಅದರ ಮುಂದಿನದಕ್ಕೂ ಬರಲಿಲ್ಲ. ನೋಯ್ಲೀನ್ ಹೊಳೆಯ ಮೇಲಿನ ದಿಮ್ಮಿ ದಾಟಿ ಹೋದಳು. ಅಂಗಳದ ತಂತಿಯ ಮೇಲೆ ಹಾಸಿಗೆ ಬಟ್ಟೆಗಳು ಹೆಪ್ಪುಗಟ್ಟಿ ಹಲಗೆಯ ಹಾಗೆ ನಿಂತಿದ್ದವು. ಹಿಂಡಿದ ಸುಕ್ಕೆಲ್ಲ ಹಾಗೇ ಮಂಜಾಗಿತ್ತು. ಬಾಗಿಲು ತೆಗೆದ ಕೊರಾಲಿಯ ಕೈ ಮೊಣಕೈತನಕ ಬೀಟ್‌ರೂಟಿನ ಬಣ್ಣ.

"ಎಂಜಿನ್ ದಿನ ಕಾಯ್ತಿದ್ದೆ ಕಣೇ."

"ಇರ್ಲಿ ಬಿಡು. ಕೈಯಲ್ಲೇ ಒಗ್ದುಬಿಡ್ತೀನಿ, ವ್ಯಾಯಾಮ ಆಗುತ್ತೆ." ಬಾಗಿಲಿನಿಂದ ಪಕ್ಕಕ್ಕೆ ಸರಿಯಲೇ ಇಲ್ಲ.

ಒಳಗಿನಿಂದ ಮುದುಕಿಯ ದನಿ ಬಂತು. "ಯಾರೇ ಅದು, ಕೊರಾಲಿ?"

"ಯಾರೂ ಇಲ್ಲ ಅತ್ತೆ."

ನೋಯ್ಲೀನ್ ವಾಪಸು ದಿಮ್ಮಿ ದಾಟುವಾಗ ನಡುವೆ ನಿಂತಳು. ಕೆಳಗೆ ನೀರು ಹೋಗುತ್ತಿತ್ತು. ಕಂಡುಹಿಡಿದದ್ದು ಸುಳ್ಳಲ್ಲ. ಆದರೆ ಇಸ್ತ್ರಿ ಒಂದೇ ಕಳ್ಳನಾಗಿರಲಿಲ್ಲ, ಸಾಣೆಕಲ್ಲೂ ಇತ್ತು, ತನ್ನದೇ ಕಸ ಹೀರುವ ಯಂತ್ರವೂ ಇತ್ತು. ಹೆಸರು ಹಿಡಿದು ಕೂಗಿದ್ದು ಮಾತ್ರ ಒಬ್ಬಳದು, ತನ್ನದೆನ್ನುವ ಎಂಜಿನ್ ಇಲ್ಲದವಳದು. "ಯಾಕೆ" ಸಿಕ್ಕ ಸಂತೋಷದಲ್ಲಿ "ಯಾರು" ಅನ್ನುವುದು ಮರೆತೇ ಹೋಗಿತ್ತು.

ಆ ವಾರವೇ ಪೇಟೆಯಿಂದ ವಿಟೋಲ್ಡ್ ಬಂದ. ತಂತಿ ಬಾರದ ಮನೆಗಳಿಗೆಲ್ಲ ವಿದ್ಯುತ್ತಿನ ಕೆಲಸ ಮಾಡಿಕೊಡುವ ಪೋಲಿಷ್ ಮುದುಕ. ಪ್ರಾಯದಲ್ಲಿ ಇದೇ ಹೊಳೆಯ ಅಣೆಕಟ್ಟೆಗೆ ಕಾಂಕ್ರೀಟು ಹಾಕಿದವನು. ಬಹುವಚನ ಬಿಟ್ಟು ಮಾತಾಡಿದರೆ ತನ್ನ ತಾಯಿ ಗೋರಿಯಿಂದ ಎದ್ದು ಬರುತ್ತಾಳೆ ಅನ್ನುತ್ತಿದ್ದ. ನೋಯ್ಲೀನ್ ಚಮಚದ ಕಥೆ ಹೇಳಿ ಕೇಳಿದಳು. "ಎಂಜಿನ್ ನಿಲ್ಲಲಿಲ್ಲ, ವಾಷಿಂಗ್ ಮಷೀನೂ ನಿಲ್ಲಲಿಲ್ಲ. ಚಾರ್ಜರ್ ಮಾತ್ರ ಯಾಕೆ ಉಪವಾಸ?"

ವಿಟೋಲ್ಡ್ ಚಹಾಕ್ಕೆ ಸುರಿದುಕೊಂಡ ಹಾಲಿನ ಜಗ್ಗನ್ನೇ ಮುಂದೆ ಎಳೆದುಕೊಂಡ. "ನೋಡಿ ಯಜಮಾನ್ತಿ, ಕರೆಂಟು ಅಲೆ ಅಲೆಯಾಗಿ ಬರುತ್ತೆ. ಈ ಹಳೇ ಚಾರ್ಜರ್ ಇದೆಯಲ್ಲ, ಅಲೆಯ ನೆತ್ತಿ ಮಾತ್ರ ಕುಡಿಯೋದು. ಹಾಲಲ್ಲಿ ಕೆನೆ ಮಾತ್ರ ತಿನ್ನೋ ಮಗು ಹಾಗೆ. ಸಣ್ಣ ಜನರೇಟರ್ ಮೇಲೆ ಇಸ್ತ್ರಿ ಭಾರ ಬಿದ್ರೆ ಅಲೆ ನೆತ್ತಿ ಚಪ್ಪಟೆ ಆಗುತ್ತೆ. ಕೆನೆ ಹೋಯ್ತು, ಬರೀ ಹಾಲು ಉಳೀತು. ನಿಮ್ಮ ಮಗು ಮುಖ ತಿರುಗಿಸ್ಕೊಂಡು ಕೂತ್ಕೊಳ್ತು."

"ಅಂದ್ರೆ ನಾವು ದಂಡ ಮಾಡಬಾರದು ಅಂತ ಎಲ್ಲಾನೂ ಒಟ್ಟಿಗೆ ಹಾಕಿ ಹಾಕಿ..."

"ಉಳಿಸೋಕೆ ಹೋಗಿ ಕಳ್ಕೊಂಡ್ರಿ. ಈ ಬೆಟ್ಟದಲ್ಲಿ ಎಷ್ಟೋ ಮನೇಲಿ ಇದೇ ಕಥೆ. ನಾನೂ ಇಸ್ತ್ರಿ ದೀಪ ನೋಡಿಲ್ಲ ಇಷ್ಟು ದಿನ. ಇನ್ಮೇಲೆ ನೋಡ್ತೀನಿ."

ಆಥೊಲ್ ಗೆರಿಟ್‌ನ ಎಂಜಿನ್ನಿನ ಮಾತೆತ್ತಿದ. ಅದೂ ಒಳ್ಳೆಯದೇ, ಬ್ಯಾಟರಿ ಒಂದಕ್ಕೇ ಆದರೆ ಅದಕ್ಕಿಂತ ಮಿತವಾದದ್ದು ಇಲ್ಲ ಎಂದ ವಿಟೋಲ್ಡ್. ಇಮೋಜೆನ್‌ಳ ಮನೆಯ ಥರದ್ದು ಬೇಕಾದರೆ ದೊಡ್ಡ ಡೀಸೆಲ್ ಎಂಜಿನ್ ಬೇಕು. ಮೂರನೆಯದು, ಇದೇ ಜನರೇಟರ್ ಇಟ್ಟುಕೊಂಡು ಹೊಸ ಥರದ ಚಾರ್ಜರ್ ಹಾಕುವುದು. ಅದು ಕೆನೆಯಷ್ಟೇ ಅಲ್ಲ, ಇಡೀ ಹಾಲು ಕುಡಿಯುತ್ತದೆ.

"ಹಾಕೋದಾದ್ರೆ ನಿಮ್ಮ ಎಂಜಿನ್ ತಡೆಯೋ ಅಷ್ಟೂ ದೊಡ್ಡದು ಹಾಕ್ತೀನಿ," ಅಂದ ವಿಟೋಲ್ಡ್. "ಬೇಗ ತುಂಬುತ್ತೆ, ಬೇಗ ಎಂಜಿನ್ ನಿಲ್ಲಿಸಬಹುದು."

ಆಥೊಲ್‌ನ ಮುಖ ಅರಳಿತು. ನೋಯ್ಲೀನ್ ಜಗ್ಗನ್ನು ತನ್ನ ಕಡೆ ಎಳೆದುಕೊಂಡು ಒಳಗೆ ನೋಡಿದಳು.

"ಎಲ್ಲಾ ಅದೇ ಕುಡಿದ್ರೆ ವಾಷಿಂಗ್ ಮಷೀನಿಗೆ?"

"ಉಳಿಯಲ್ಲ."

"ಹಂಗಾದ್ರೆ ಅಷ್ಟು ದೊಡ್ಡದು ಬೇಡ. ಒಂದು ಮಷೀನಿಗೆ ಜಾಗ ಬಿಡಿ."

"ಎಂಜಿನ್ ಹೆಚ್ಚು ಹೊತ್ತು ಓಡಬೇಕಾಗುತ್ತೆ, ಯಜಮಾನ್ತಿ."

"ಓಡ್ಲಿ."

"ಪೆಟ್ರೋಲು ಏನು ಹೊಳೇಲಿ ಬರುತ್ತಾ?" ಅಂದ ಆಥೊಲ್. "ಬ್ಯಾಟರಿ ಉಳಿಸೋಕೆ ಅಂತ ಹೊರಟವಳು ನೀನು. ಈಗ ಊರಿನ ಬಟ್ಟೆ ಉಳಿಸೋಕೆ ಹೊರಟಿದ್ದೀಯ."

"ಬ್ಯಾಟರಿ ಯಾಕೆ ಬೇಕು ನಮಗೆ?"

"ಯಾಕೆ ಅಂದ್ರೆ... ಇಲ್ಲಿ ಇರೋಕೆ."

"ಇಲ್ಲಿ ಯಾಕಿರಬೇಕು, ಎಂಜಿನ್ ದಿನ ಯಾರೂ ಬರ್ದಿದ್ರೆ? ನಿಮ್ಮಕ್ಕನ ಮನೆ ಮಹಡೀನೇ ವಾಸಿ. ಅಲ್ಲಿ ಗೋಡೆಯಾದ್ರೂ ಕಾಣುತ್ತೆ."

ಆಥೊಲ್ ಕೆಮ್ಮಿದ, ಚಹಾ ಕುಡಿದ, ಮತ್ತೆ ಕೆಮ್ಮಿದ. ವಿಟೋಲ್ಡ್ ಗಡ್ಡ ಕೆರೆದುಕೊಂಡು, ಒಂದು ದಾರಿ ಇದೆ ಅಂದ. ಇಂತಿಷ್ಟೇ ಕುಡಿ ಎಂದು ತಿರುಗಿಸಿಡುವ ತಿರುಪು ಇರುವ ಚಾರ್ಜರ್ ಬರುತ್ತದೆ. ಹಸಿದ ಬ್ಯಾಟರಿ ಮೊದಮೊದಲು ಗಬಗಬ ತಿನ್ನುತ್ತದೆ, ಹೊಟ್ಟೆ ತುಂಬುತ್ತ ಬಂದ ಹಾಗೆ ತುತ್ತು ತಾನೇ ಚಿಕ್ಕದಾಗುತ್ತದೆ. ಅಷ್ಟು ಹೊತ್ತು ಅದೊಂದಕ್ಕೇ ಬಡಿಸಿ, ಆಮೇಲೆ ತಿರುಪು ಇಳಿಸಿ ಮಷೀನು ಹಾಕಬಹುದು. ಬೆಳಗ್ಗೆಯೇ ಶುರುಮಾಡಿದರೆ ಕೊನೆಯ ತುತ್ತುಗಳನ್ನು ಆ ಸೋಮಾರಿ ಸೂರ್ಯನೇ ಹಾಕುತ್ತಾನೆ. ಇಸ್ತ್ರಿ ಮಾತ್ರ ಆಗದು, ಅದು ಬಕಾಸುರ.

"ಇಸ್ತ್ರಿಗೆ ಒಲೆ ಇದೆ," ಅಂದಳು ನೋಯ್ಲೀನ್. ಮಿಲ್ಲಿನ ಬಿಡಾರದ ಕಾಲದ, ಅವಳ ತಾಯಿಯ ಎರಡು ಕಬ್ಬಿಣದ ಇಸ್ತ್ರಿಗಳು ಬಾಗಿಲು ಗಾಳಿಗೆ ಬಡಿಯದ ಹಾಗೆ ತಡೆಯಾಗಿ ಕೂತಿದ್ದವು. ಒಂದು ಕಾಯುವಾಗ ಇನ್ನೊಂದು ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಒಲೆ ಹೇಗೂ ಆರುವುದಿಲ್ಲ.

ತಿರುಪಿನ ಚಾರ್ಜರೇ ಗೋಡೆಗೇರಿತು. ಆದರೆ ಅದನ್ನು ಶುರುಮಾಡುವ ಮುಂಚೆ ನೋಯ್ಲೀನ್ ಮತ್ತೆ ದಿಮ್ಮಿ ದಾಟಿದಳು. ಕೊರಾಲಿ ಅಂಗಳದಲ್ಲೇ ಇದ್ದಳು, ಬಾಗಿಲು ಅಡ್ಡ ಇರಲಿಲ್ಲ.

"ಎಲ್ಲರ ಮುಂದೆ ಹಂಗಂದಿದ್ದು ನನ್ನ ತಪ್ಪು ಕಣೇ," ಅಂದಳು ನೋಯ್ಲೀನ್. "ಗೊತ್ತಾದ ಖುಷಿಗೆ ಬಾಯಿ ಮುಂದೆ ಓಡ್ತು."

ಕೊರಾಲಿ ಒದ್ದೆ ಬಟ್ಟೆ ಹಿಂಡುತ್ತಲೇ ಇದ್ದಳು. "ನಿಮ್ಮ ಬ್ಯಾಟರಿ ಹಾಳಾಗಿದ್ದು ನಿಜ ತಾನೆ?"

"ನಿಜ. ನನ್ನ ಕಸದ ಯಂತ್ರ, ಆಥೊಲ್‌ನ ಸಾಣೆ, ನಿನ್ನ ಇಸ್ತ್ರಿ, ಎಲ್ಲ ಸೇರ್ಕೊಂಡು. ಈಗ ಹೊಸದು ಬಂದಿದೆ. ಇದ್ರಲ್ಲಿ ಬ್ಯಾಟರಿ ಹೊಟ್ಟೆ ತುಂಬ್ತಾ ಬಂದ ಹಾಗೆ ಮುಳ್ಳು ತಾನೇ ಇಳಿಯುತ್ತಂತೆ, ಎಷ್ಟು ಇಳೀತು ಅಂತ ಯಾರಾದ್ರೂ ಕೂತು ನೋಡ್ಬೇಕು. ನಂಗೆ ಸ್ಕೋನ್ ಕೆಲಸ ಇರುತ್ತೆ."

"ಕಳ್ಳನ್ನ ಕಾವಲಿಗಿಡ್ತೀಯಾ?"

"ದಾರಿ ಅವನಿಗೇ ಚೆನ್ನಾಗಿ ಗೊತ್ತಿರೋದು."

ಕೊರಾಲಿಯ ತುಟಿಯ ಒಂದು ಕೊನೆ ಅಲುಗಿತು. ಅಷ್ಟರಲ್ಲಿ ಒಳಗಿನಿಂದ ದನಿ. "ಯಾರೇ ಅದು, ಕೊರಾಲಿ?"

ಕೊರಾಲಿ ಬಟ್ಟೆ ಕೊಡವಿ ತಂತಿಗೆ ಎಸೆದಳು. "ನೋಯ್ಲೀನ್, ಅತ್ತೆ. ಒಳಗೆ ಬರ್ತಾಳೆ, ತಲೆ ಬಾಚ್ಕೊಳ್ಳಿ."

ಆ ಬುಧವಾರ ಮಂಜು ಕರಗುವ ಮುಂಚೆಯೇ ಎಂಜಿನ್ ಕೂಗಿತು. ಬಂದವರಿಗೆಲ್ಲ ಹೊಸ ಶಾಸ್ತ್ರ ಕಾದಿತ್ತು. ಮೊದಲ ಪಂಕ್ತಿ ಬ್ಯಾಟರಿಗೆ, ಎರಡನೆಯದು ಮಷೀನಿಗೆ. ಅಲ್ಲಿಯವರೆಗೆ ಬುಟ್ಟಿ ಬಾಗಿಲಲ್ಲಿ, ಜನ ಒಲೆಯ ಸುತ್ತ. ಕೈಗೆ ಕೆಲಸವಿಲ್ಲದೆ ಕೂತು ಅಭ್ಯಾಸವಿಲ್ಲದವರು ಮೊದಲು ಚಡಪಡಿಸಿದರು. ಆಮೇಲೆ ಯಾರೋ ಸೇಬು ಹೆಚ್ಚತೊಡಗಿದರು. ಯಾರೋ ಹಿಂದಿನ ವರ್ಷದ ಪ್ರವಾಹದ ಕಥೆ ತೆಗೆದರು. ಆಥೊಲ್ ಆಗಾಗ ಗಡಿಯಾರ ನೋಡಿ ಪೆಟ್ರೋಲಿಗಾಗಿ ನಿಟ್ಟುಸಿರು ಬಿಟ್ಟ. ಆದರೆ ಪ್ರವಾಹದ ಕಥೆಯಲ್ಲಿ ತನ್ನ ದೋಣಿಯ ಭಾಗ ಬಂದಾಗ ಅದನ್ನು ಬೇರೆಯವರಿಗೆ ಹೇಳಲು ಬಿಡಲಿಲ್ಲ.

ಕೊರಾಲಿ ಕೋಟು ಹೊದ್ದು ಚಾರ್ಜರಿನ ಮುಂದೆ ಮುಕ್ಕಾಲಿ ಹಾಕಿಕೊಂಡು ಕೂತಿದ್ದಳು. ನೋಯ್ಲೀನ್ ಸೊಂಟಕ್ಕೆ ಮರದ ಚಮಚ ಸಿಕ್ಕಿಸಿಕೊಂಡು ಬಿಸಿ ಚಹಾ ತಂದಾಗ ಶೆಡ್ಡಿನ ಬಾಗಿಲಲ್ಲಿ ಇನ್ನೊಬ್ಬ ಆಸಾಮಿ ಸುಳಿದಾಡುತ್ತಿದ್ದ. ಗೆರಿಟ್. ಬೆನ್ನ ಮೇಲೆ ಆಲೂಗಡ್ಡೆಯ ಗೋಣಿ. ಗೋಣಿಯ ಬಾಯಿಂದ ಎಣ್ಣೆ ಹಿಡಿದ ಅಂಗಿಯ ಒಂದು ಕಪ್ಪು ತೋಳು ಜೋತುಬಿದ್ದಿತ್ತು.

"ಹೊಸ ಚಾರ್ಜರ್ ನೋಡಿ ಹೋಗೋಣ ಅಂತ ಬಂದೆ," ಅಂದ.

"ಗೋಣಿಗೂ ತೋರಿಸೋಕೆ ತಂದ್ಯಾ?" ಅಂದಳು ನೋಯ್ಲೀನ್.

"ಹೊಳೆ ನೀರು ಬಹಳ ಥಂಡಿ ಕಣಮ್ಮ."

"ಅನ್ನಛತ್ರದಲ್ಲಿ ಸರದಿ ಇದೆ. ಕಾವಲುಗಾರ್ತೀನ ಕೇಳು."

ಕೊರಾಲಿ ಗೋಣಿಯನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮತ್ತೆ ಹಾಸಿಗೆ ಬಟ್ಟೆ ಆದ್ಮೇಲೆ ಇವನದ್ದು. ಮುಂಚೆ ಹಾಕಿದ್ರೆ ಮಷೀನೇ ಸಾಯುತ್ತೆ." ಗೆರಿಟ್ ಗೋಣಿ ಇಳಿಸಿ ಒಲೆಯ ಕಡೆ ನಡೆದ.

"ಇಳೀತಾ ಮುಳ್ಳು?" ಎಂದು ನೋಯ್ಲೀನ್ ಕೇಳಿದಳು.

"ಇನ್ನೂ ಇಲ್ಲ. ಕೊಡು ಇಲ್ಲಿ, ಆ ಚಮಚ."

ಕೊರಾಲಿ ಬುಡವನ್ನು ಚಾರ್ಜರಿಗೆ ಇಟ್ಟು ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿದಳು. ಚಹಾದ ಹಬೆ ಇಬ್ಬರ ನಡುವೆ ಏರುತ್ತಿತ್ತು.

"ಏನಂತೆ?"

"ಸುಮ್ನಿರು ಮಾರಾಯ್ತಿ," ಅಂದಳು ಕೊರಾಲಿ. "ಊಟ ಮಾಡ್ತಿದೆ."